ಕಿಟ್ ಕಾರಿಗೆ ಯಾವ ಏರ್ ಜ್ಯಾಕ್? ಜ್ಯಾಕನ್ನು ಕೊನೆಗೆ ಕೊಳ್ಳಿ

ಕಿಟ್ ತರಿಸಿ ಸ್ಪೋರ್ಟ್ಸ್ ಕಾರು ಕಟ್ಟುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಯಾವ ಏರ್ ಜ್ಯಾಕ್ ತಗೊಳ್ಳಲಿ, ಎಲ್ಲಿ ಕೂರಿಸಲಿ?" ಏರ್ ಜ್ಯಾಕ್ ಎಂದರೆ ಚಾಸಿಗೇ (ಕಾರಿನ ಹಂದರಕ್ಕೇ) ಕೂರಿಸುವ, ಗಾಳಿಯ ಒತ್ತಡಕ್ಕೆ ಕಾಲು ಕೆಳಗೆ ಚಾಚಿ ಕಾರನ್ನೆತ್ತುವ ಸಿಲಿಂಡರ್. ಕಾರಿನ ತೂಕ ಎಲ್ಲೆಲ್ಲಿ ಎಷ್ಟು ಬೀಳುತ್ತದೆ, ಗಾಳಿ ಎಲ್ಲಿಂದ ಬರುತ್ತದೆ, ಚಾಸಿಯಲ್ಲಿ ಆ ಭಾರ ಹೊರಬಲ್ಲ ಜಾಗ ಯಾವುದು, ಈ ಮೂರು ಗೊತ್ತಾಗುವವರೆಗೆ ಕ್ಯಾಟಲಾಗ್ ತೆರೆಯಬೇಡಿ. ಜ್ಯಾಕ್ ಮೊದಲು ಕೊಂಡು ಜಾಗ ಆಮೇಲೆ ಹುಡುಕಿದರೆ, ಕತ್ತರಿಸಬಾರದ ಪೈಪನ್ನು ಕತ್ತರಿಸಬೇಕಾಗುತ್ತದೆ.

ನಿಮಗಿದು ಬೇಕೇ ಎನ್ನುವುದನ್ನೂ ಯೋಚಿಸಿ. ಜಿಟಿ3 ಮತ್ತು ಇಂಡಿಕಾರ್ ರೇಸ್ ಕಾರುಗಳಲ್ಲಿ ಏರ್ ಜ್ಯಾಕ್ ಕಾರಿನೊಳಗೇ ಇರುತ್ತದೆ. ಫಾರ್ಮುಲಾ 1ರಲ್ಲಿ ಇರುವುದಿಲ್ಲ, ಅಲ್ಲಿ ಮೆಕ್ಯಾನಿಕ್‌ಗಳು ಮುಂದೆ ಹಿಂದೆ ನಿಂತು ಕೈ ಜ್ಯಾಕಿನಿಂದ ಎತ್ತುತ್ತಾರೆ. ಟ್ರ್ಯಾಕಿನಲ್ಲಿ ಪದೇ ಪದೇ ಟೈರ್ ಬದಲಿಸುವವರಿಗೆ ಇದರಿಂದ ನಿಜವಾದ ಉಪಯೋಗವಿದೆ. ರಸ್ತೆಯಲ್ಲಷ್ಟೇ ಓಡುವ ಕಾರಿಗೆ ತಗ್ಗು ಟ್ರಾಲಿ ಜ್ಯಾಕ್ ಸಾಕು. ಕೆಲವು ಕೆ.ಜಿ. ತೂಕವನ್ನು ಸುಮ್ಮನೆ ಹೊತ್ತು ತಿರುಗಬೇಕಾಗಿಲ್ಲ.

ಈಗ ತೂಕದ ಲೆಕ್ಕ. ಚಾಲಕ ಕೂತು, ಇಂಧನ ತುಂಬಿರುವಾಗ ನಾಲ್ಕೂ ಚಕ್ರಗಳ ಕೆಳಗೆ ತೂಕದ ಪ್ಯಾಡ್ ಇಟ್ಟು ಅಳೆಯಿರಿ. ಉದಾಹರಣೆಗೆ ಎಂಜಿನ್ ಮಧ್ಯದಲ್ಲಿರುವ, ಒಟ್ಟು 850 ಕೆ.ಜಿ.ಯ ಕಾರು ಎನ್ನಿ. ಮುಂದೆ ಮಧ್ಯದಲ್ಲಿ ಒಂದು ಜ್ಯಾಕ್, ಅಲ್ಲಿಂದ 2200 ಮಿ.ಮೀ. ಹಿಂದೆ ಗೇರ್‌ಬಾಕ್ಸಿನ ಎರಡೂ ಬದಿ ಒಂದೊಂದು. ಗುರುತ್ವಕೇಂದ್ರ ಮುಂದಿನ ಜ್ಯಾಕಿನಿಂದ 1290 ಮಿ.ಮೀ. ಹಿಂದಿದೆ. ಹಾಗಾದರೆ ಹಿಂದಿನ ಎರಡಕ್ಕೂ ಸೇರಿ 850 × 1290 ÷ 2200, ಅಂದರೆ ಒಂದೊಂದು ಜ್ಯಾಕಿನ ಮೇಲೆ ಸುಮಾರು 250 ಕೆ.ಜಿ., ಮುಂದಿನ ಒಂದರ ಮೇಲೆ 350 ಕೆ.ಜಿ. ಬೀಳುತ್ತದೆ. ಕಾರಿನ ಮುಂಭಾಗ ಹಗುರವಾಗಿದ್ದರೂ ಅತಿ ಹೆಚ್ಚು ಹೊರೆ ಮುಂದಿನ ಒಂಟಿ ಜ್ಯಾಕಿಗೇ ಬಂತು. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲೇ.

ಮೂರು ಸಾಕೇ, ನಾಲ್ಕು ಬೇಕೇ? ಮೂರು ಕಾಲುಗಳು ಯಾವ ನೆಲದ ಮೇಲೂ ಅಲುಗಾಡದೆ ಕೂರುತ್ತವೆ. ನಾಲ್ಕಾದರೆ ತುದಿವರೆಗೆ ಚಾಚಿದ ಮೇಲೆ ಒಂದು ಕಾಲು ಗಾಳಿಯಲ್ಲಿ ತೂಗಬಹುದು ಅಥವಾ ಚಾಸಿಯನ್ನು ತಿರುಚಬಹುದು. ಸಣ್ಣ ಕಾರಿಗೆ ಮೂರೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆದರೆ ಗುರುತ್ವಕೇಂದ್ರ ಆ ತ್ರಿಕೋನದ ಅಂಚಿನಲ್ಲಲ್ಲ, ಒಳಗೆ ಚೆನ್ನಾಗಿ ಕೂರಬೇಕು. ಹಿಂದಿನ ಎರಡರ ನಡುವೆ ಎಷ್ಟು ಅಗಲ ಸಿಗುತ್ತದೋ ಅಷ್ಟು ಒಳ್ಳೆಯದು.

ಗಾಳಿಯ ಒತ್ತಡವನ್ನು ಬೋರಿನ (ಜ್ಯಾಕಿನ ಸಿಲಿಂಡರಿನ ಒಳರಂಧ್ರದ) ವಿಸ್ತೀರ್ಣದಿಂದ ಗುಣಿಸಿದರೆ ಎತ್ತುವ ಬಲ. 50 ಮಿ.ಮೀ. ಬೋರ್ ಇರುವ ಜ್ಯಾಕ್ 10 ಬಾರ್ ಒತ್ತಡದಲ್ಲಿ ಎತ್ತುವುದು ಸುಮಾರು 200 ಕೆ.ಜಿ. ಅಂದರೆ ಗ್ಯಾರೇಜಿನ ಸಾಮಾನ್ಯ ಕಂಪ್ರೆಸರ್‌ಗೆ ಜೋಡಿಸಿದರೆ ನಮ್ಮ ಉದಾಹರಣೆಯ ಕಾರು ಮೇಲೇಳುವುದೇ ಇಲ್ಲ. 10 ಬಾರ್‌ನಲ್ಲೇ ಮುಂಭಾಗ ಎತ್ತಬೇಕೆಂದರೆ, ಶೇ. 30 ಹೆಚ್ಚುವರಿ ಬಲ ಸೇರಿಸಿ, 75 ಮಿ.ಮೀ. ಬೋರ್ ಬೇಕು. ಅದಕ್ಕೆ ಜಾಗ ಸಿಗುವುದು ಕಷ್ಟ. ಅದೇ 50 ಮಿ.ಮೀ. ಜ್ಯಾಕಿಗೆ ನೈಟ್ರೋಜನ್ ಸಿಲಿಂಡರಿನಿಂದ 25 ಬಾರ್ ಕೊಟ್ಟರೆ 500 ಕೆ.ಜಿ. ಎತ್ತುತ್ತದೆ. ಕೆಲವು ಮಾದರಿಗಳಲ್ಲಿ ಒತ್ತಡ ಬೀಳುವುದು ರಾಡಿನ (ಹೊರಚಾಚುವ ಕಾಲಿನ) ವ್ಯಾಸದ ಮೇಲಷ್ಟೇ, ಕಾಲನ್ನು ಮತ್ತೆ ಒಳಕ್ಕೆಳೆಯುವ ಸ್ಪ್ರಿಂಗ್ ಕೂಡ ಸ್ವಲ್ಪ ಬಲ ತಿನ್ನುತ್ತದೆ. ಆದ್ದರಿಂದ ಕೊನೆಯ ಮಾತು ತಯಾರಕರು ಕೊಡುವ ಕೋಷ್ಟಕದ್ದು.

ಇದರ ಜೊತೆಗೇ ಇನ್ನೊಂದು ತೊಡಕಿದೆ. ಮೂರೂ 50 ಮಿ.ಮೀ. ಜ್ಯಾಕುಗಳಾಗಿದ್ದು ಗಾಳಿಯ ಒಂದೇ ಲೈನಿನಲ್ಲಿದ್ದರೆ, ಹಿಂದಿನವು 12.5 ಬಾರ್‌ಗೇ ಏಳುತ್ತವೆ, ಮುಂದಿನದು 17.5 ಬಾರ್ ಬರುವ ತನಕ ಕಾಯುತ್ತದೆ. ಗಾಳಿ ರಭಸದಿಂದ ನುಗ್ಗಿದರೆ ಈ ಅಂತರ ಅಷ್ಟಾಗಿ ಕಾಣದು. ನಿಧಾನವಾಗಿ ತುಂಬಿದರೆ ಕಾರಿನ ಹಿಂಭಾಗ ಪೂರ್ತಿ ಮೇಲೇರಿದ ನಂತರ ಮೂತಿ ಏಳುತ್ತದೆ. ಆ ಹೊತ್ತಿಗೆ ಹಿಂದಿನ ರಾಡುಗಳು ಓರೆಯಾಗಿ ನಿಂತು ಗಾಳಿ ಸೋರದಂತೆ ತಡೆಯುವ ಸೀಲುಗಳ ಮೇಲೆ ಅಡ್ಡಬಲ ಬೀಳುತ್ತದೆ. ಇಳಿಸುವಾಗ ಇದೇ ತಿರುಗುಮುರುಗು, ಮೂತಿ ಮೊದಲು ಬೀಳುತ್ತದೆ. ಸರಿಯಾದ ಪರಿಹಾರವೆಂದರೆ ಮುಂದೆ 60 ಮಿ.ಮೀ. ಆಸುಪಾಸಿನ ಬೋರ್ ಹಾಕುವುದು, ಆಗ ಮೂರೂ ಹೆಚ್ಚು ಕಡಿಮೆ ಒಂದೇ ಒತ್ತಡಕ್ಕೆ ಏಳುತ್ತವೆ. ಹಿಂದಿನ ಲೈನುಗಳಲ್ಲಿ ಗಾಳಿಯ ಹರಿವು ತಗ್ಗಿಸುವ ಸಣ್ಣ ರಂಧ್ರದ ರಿಸ್ಟ್ರಿಕ್ಟರ್ ಕೂರಿಸುವುದು ಎರಡನೇ ದಾರಿ.

ಸ್ಟ್ರೋಕ್, ಅಂದರೆ ಕಾಲು ಚಾಚುವ ಉದ್ದ, ಎಷ್ಟು ಬೇಕು? ಚಕ್ರ ಕೂಡಲೇ ನೆಲ ಬಿಡುವುದಿಲ್ಲ, ಸಸ್ಪೆನ್ಷನ್ ಮೊದಲು ಜೋತು ಬೀಳುತ್ತದೆ. ಅದಕ್ಕೆ 60 ಮಿ.ಮೀ., ಭಾರಕ್ಕೆ ಚಪ್ಪಟೆಯಾದ ಟೈರ್ ಅರಳಲು 10, ಚಕ್ರದ ಕೆಳಗೆ ಬೇಕಾದ ತೆರವು 30, ಮಡಚಿದ ಕಾಲಿಗೂ ನೆಲಕ್ಕೂ ನಡುವಿನ ಅಂತರ 70. ಒಟ್ಟು 170. ನೆಲದ ಏರುಪೇರಿಗೆ 20 ಸೇರಿಸಿ, 200 ಮಿ.ಮೀ. ಸ್ಟ್ರೋಕಿನದನ್ನು ಆರಿಸಿ. ಅಂಥ ಜ್ಯಾಕಿನ ದೇಹವೇ ಸುಮಾರು 300 ಮಿ.ಮೀ. ಉದ್ದ. ನೆಲದಿಂದ 370 ಮಿ.ಮೀ. ಎತ್ತರದವರೆಗೆ ಅದಕ್ಕೆ ಜಾಗ ಬೇಕು, ತಗ್ಗಾದ ಮೂತಿಯಲ್ಲಿ ಅಷ್ಟು ಸಿಗದೇ ಹೋಗಬಹುದು. ಅದೇ ಅಳತೆಗೆ ಪ್ಲಾಸ್ಟಿಕ್ ಪೈಪ್ ಕತ್ತರಿಸಿ ನಿಲ್ಲಿಸಿ ನೋಡಿ. ಬಾನೆಟ್ ಮುಚ್ಚಬೇಕು, ಸ್ಟೀರಿಂಗ್ ಪೂರ್ತಿ ತಿರುಗಬೇಕು, ರೇಡಿಯೇಟರ್ ಹೋಸ್ ತಾಗಬಾರದು.

ಕೂರಿಸುವ ಜಾಗ ಸ್ಪೇಸ್ ಫ್ರೇಮಿನಲ್ಲಿ (ಪೈಪುಗಳನ್ನು ಬೆಸೆದು ಮಾಡಿದ ಚಾಸಿಯಲ್ಲಿ) ಪೈಪುಗಳು ಕೂಡುವ ಗಂಟೇ ಆಗಿರಬೇಕು. ಪೈಪಿನ ನಡುಮಧ್ಯಕ್ಕೆ ಜ್ಯಾಕ್ ಬೆಸೆದರೆ ಆ ಪೈಪ್ ಬಾಗುತ್ತದೆ. ಫೈಬರ್‌ಗ್ಲಾಸ್ ಅಥವಾ ತೆಳು ಅಲ್ಯೂಮಿನಿಯಂ ತಳಕ್ಕೆ ಬೋಲ್ಟ್ ಮಾಡುವ ಮಾತೇ ಬೇಡ. 3 ಮಿ.ಮೀ. ದಪ್ಪದ ಉಕ್ಕಿನ ಸ್ಲೀವನ್ನು (ಕೊಳವೆಯನ್ನು) ಗಂಟಿಗೆ ಬೆಸೆದು, ಎರಡು ದಿಕ್ಕಿನಲ್ಲಿ ಗಸೆಟ್ (ಆಸರೆಯ ತಗಡು) ಕೊಟ್ಟು, ಜ್ಯಾಕನ್ನು ಸ್ಲೀವಿನೊಳಗೆ ಇಳಿಸಿ ಕಾಲರ್ ಅಥವಾ ಸರ್ಕ್ಲಿಪ್‌ನಿಂದ (ಸ್ಪ್ರಿಂಗಿನಂಥ ಬಳೆಯಿಂದ) ಹಿಡಿಯಿರಿ. ಬೆಸೆಯುವಾಗ ಜ್ಯಾಕ್ ಒಳಗಿರಬಾರದು, ಸೀಲುಗಳು ಸುಟ್ಟುಹೋಗುತ್ತವೆ. ಬೆಸುಗೆಯ ಬಿಸಿಗೆ ಸ್ಲೀವ್ ಕುಗ್ಗಿ ಅಂಡಾಕಾರವಾಗುವುದರಿಂದ ಆಮೇಲೆ ಒಳಗಡೆ ರೀಮ್ ಮಾಡಿಸಬೇಕು, ಅಂದರೆ ಹೆರೆದು ಸರಿಯಾದ ವ್ಯಾಸಕ್ಕೆ ತರಬೇಕು. ಬಲವಂತವಾಗಿ ತುರುಕಿದ ಜ್ಯಾಕಿನ ಅಲ್ಯೂಮಿನಿಯಂ ದೇಹ ಒಳಕ್ಕೆ ಒತ್ತಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ.

ಸ್ಲೀವಿನ ಬದಲು ಎರಡು ಕ್ಲ್ಯಾಂಪ್ ಬಳಸುವುದಾದರೆ ಅವನ್ನು ದೂರ ದೂರ ಇಡಿ. ನಟ್ ಬಿಚ್ಚುವ ಭರದಲ್ಲಿ ಕಾರನ್ನು ಯಾರಾದರೂ ಪಕ್ಕಕ್ಕೆ ತಳ್ಳಿ, 200 ಮಿ.ಮೀ. ಚಾಚಿದ ಕಾಲಿನ ತುದಿಗೆ 1000 ನ್ಯೂಟನ್ ಅಡ್ಡಬಲ ಬಂತೆನ್ನಿ. ಕ್ಲ್ಯಾಂಪುಗಳ ನಡುವೆ 150 ಮಿ.ಮೀ. ಇದ್ದರೆ ಮೇಲಿನ ಕ್ಲ್ಯಾಂಪಿಗೆ ಬೀಳುವುದು ಸುಮಾರು 1330 ನ್ಯೂಟನ್. 50 ಮಿ.ಮೀ. ಇದ್ದರೆ 4000. ಬ್ರಾಕೆಟ್ ಬಿರುಕು ಬಿಡುವುದು ಹೀಗೆ. ಕಾರು ತನ್ನ ಸಹಜ ಎತ್ತರದಲ್ಲಿ ನಿಂತಿರುವಾಗ ಮೂರೂ ಜ್ಯಾಕುಗಳು ನೆಲಕ್ಕೆ ನೆಟ್ಟಗೆ ಇರಬೇಕು. ಕೋನಮಾಪಕ ಹಿಡಿದು ನೋಡಿ, ಕಣ್ಣಳತೆ ಸಾಲದು.

ಲೈನಿಗೆ ಒತ್ತಡ ತಾಳುವ ಹೆಣಿಗೆಯ ಹೋಸ್ ಅಥವಾ ಉಕ್ಕಿನ ಟ್ಯೂಬ್ ಮಾತ್ರ. ಒತ್ತಿ ಸಿಕ್ಕಿಸುವ ಪ್ಲಾಸ್ಟಿಕ್ ಏರ್ ಲೈನ್ 25 ಬಾರ್‌ಗೆ ಆದದ್ದಲ್ಲ. ಎಕ್ಸಾಸ್ಟಿನಿಂದ ದೂರ ಇಡಿ. ನೈಟ್ರೋಜನ್‌ಗೆಂದೇ ಇರುವ ರೆಗ್ಯುಲೇಟರ್ ಹಾಗೂ ಕೆಲಸದ ಒತ್ತಡಕ್ಕಿಂತ ತುಸು ಮೇಲೆ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಇರಲಿ. ಆಮ್ಲಜನಕದ ಸಿಲಿಂಡರ್ ಎಂದಿಗೂ ಜೋಡಿಸಬೇಡಿ. ಒತ್ತಡದ ಆಮ್ಲಜನಕಕ್ಕೆ ಒಳಗಿನ ಗ್ರೀಸ್ ತಾಗಿದರೆ ಹೊತ್ತಿ ಸಿಡಿಯಬಹುದು. ಮೂರು ಜ್ಯಾಕುಗಳಿಗೆ ಒಮ್ಮೆ ಎತ್ತಲು, ಹೋಸ್ ಸೇರಿ, ಹೊರಗಿನ ವಾತಾವರಣದ ಒತ್ತಡಕ್ಕೆ ಲೆಕ್ಕ ಹಾಕಿದರೆ ಸುಮಾರು 35 ಲೀಟರ್ ಅನಿಲ ಖರ್ಚಾಗುತ್ತದೆ. 200 ಬಾರ್ ತುಂಬಿದ 10 ಲೀಟರ್ ಸಿಲಿಂಡರ್ ಸುಮಾರು 50 ಸಲಕ್ಕೆ ಬರುತ್ತದೆ. ದೊಡ್ಡ ಬೋರ್ ಹಾಕಿದರೆ ಕಡಿಮೆ.

ಗಾಳಿಯೊಂದನ್ನೇ ನಂಬಿ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಒಂದು ಸೀಲ್ ಹರಿದರೆ ಕ್ಷಣದಲ್ಲಿ ಕಾರು ಕೆಳಗೆ. ಚಾಚಿದ ರಾಡಿನ ಸುತ್ತ ಸಿಕ್ಕಿಸುವ ಸೀಳು ಕೊಳವೆಗಳನ್ನು ಮೂರೂ ಜ್ಯಾಕಿಗೆ ಹಾಕಿ, ಗಾಳಿ ಬಿಟ್ಟು, ಭಾರ ಕೊಳವೆಯ ಮೇಲೆ ಕೂತ ಮೇಲೆ ಚಕ್ರದ ಕೆಲಸ ಮಾಡಿ. ಕಾರಿನ ಕೆಳಗೆ ಮಲಗಬೇಕಾದರೆ ಚಾಸಿಗೆ ಬೇರೆಯೇ ಸ್ಟ್ಯಾಂಡ್ ಕೊಡಿ. ನಾಲ್ಕೂ ಚಕ್ರ ಮೇಲಿದ್ದಾಗ ಹ್ಯಾಂಡ್‌ಬ್ರೇಕ್ ಏನನ್ನೂ ಹಿಡಿಯುವುದಿಲ್ಲ, ಹಾಗಾಗಿ ಇಳಿಜಾರಿನಲ್ಲಿ ಎತ್ತಲೇಬಾರದು.

ಮನೆಯಲ್ಲಿ ಮಾಡಿದ ಲೈನನ್ನು ಮೊದಲು ಜ್ಯಾಕಿಗೆ ಜೋಡಿಸದೆ, ನೀರು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟಿನಲ್ಲಿ ಪರೀಕ್ಷಿಸಿ. ನೀರು ಸೋರಿ ನಿಲ್ಲುತ್ತದೆ, ಗಾಳಿ ಸಿಡಿಯುತ್ತದೆ. ಲೈನ್ ಒಣಗಿಸಿ ಜೋಡಿಸಿದ ಮೇಲೆ ಕಾರನ್ನೆತ್ತಿ, ಕೊಳವೆ ಸಿಕ್ಕಿಸಿ, ವಾಲ್ವ್ ಮುಚ್ಚಿ ಗೇಜ್ ನೋಡುತ್ತಿರಿ. ಮುಳ್ಳು ಇಳಿದರೆ ಸಾಬೂನು ನೀರು ಹಚ್ಚಿ ಗುಳ್ಳೆ ಹುಡುಕಿ. ಇಳಿಸಿದ ಮೇಲೆ ಕಾಲು ಪೂರ್ತಿ ಒಳಗೆ ಹೋಗದಿದ್ದರೆ ರಾಡಿಗೆ ಮಣ್ಣು ಅಂಟಿದೆಯೇ, ಬಾಗಿದೆಯೇ, ಸ್ಪ್ರಿಂಗ್ ಸೋತಿದೆಯೇ ಎಂದು ಇದೇ ಕ್ರಮದಲ್ಲಿ ನೋಡಿ. ಪ್ರತಿ ಸಲ ಇಳಿಸುವ ಮೊದಲು ರಾಡನ್ನು ಬಟ್ಟೆಯಿಂದ ಒರೆಸಿ. ಮರಳಿನ ಕಣ ಒಳಗೆ ಹೋದರೆ ಸೀಲ್ ಗೀಚಿ, ಮುಂದಿನ ಸಲ ಎತ್ತುವಾಗಲೇ ಸೋರಲು ಶುರುವಾಗುತ್ತದೆ.