ಟ್ಯಾಗ್ ಹೋಗುತ್ತಿತ್ತು, ಉತ್ತರ ಮಾತ್ರ ಇಲ್ಲ

ಆಫೀಸಿನ ಸರ್ವರ್ ರೂಮಿಗೆ ಹೊಸ ಸರ್ವರ್ ಬಂದಿತ್ತು. ಒಂದೇ ಸರ್ವರಿನಲ್ಲಿ ಹಲವು ವರ್ಚುವಲ್ ಮಷಿನ್ (ವಿಎಂ) ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿದೆವು. ಒಂದೇ ಕೇಬಲ್‌ನಲ್ಲಿ ಮೂರು ನೆಟ್‌ವರ್ಕ್ ಹೋಗಬೇಕು, ಹೀಗೆ ನಂಬರ್ ಕೊಟ್ಟು ಬೇರ್ಪಡಿಸಿದ ಒಂದೊಂದು ನೆಟ್‌ವರ್ಕೂ ಒಂದೊಂದು ವಿಲ್ಯಾನ್: ಮ್ಯಾನೇಜ್‌ಮೆಂಟ್‌ಗೆ ವಿಲ್ಯಾನ್ 10, ಅಪ್ಲಿಕೇಶನ್‌ಗಳಿಗೆ 20, ಬ್ಯಾಕಪ್‌ಗೆ 30. ಆ ತುದಿಯಲ್ಲಿ ಸಿಸ್ಕೋ ಸ್ವಿಚ್, ಅದನ್ನು ನೋಡಿಕೊಳ್ಳುವುದು ಬೇರೆ ಟೀಮ್. ನನ್ನ ಕಡೆ, ವಿಎಂಗಳನ್ನು ಕೇಬಲ್‌ಗೆ ಸೇರಿಸುವ ಬ್ರಿಡ್ಜ್‌ನಲ್ಲಿ 'ವಿಲ್ಯಾನ್ ಅವೇರ್' ಟಿಕ್ ಮಾಡಿ, ಪ್ರತಿ ವಿಎಂಗೂ ಅದರ ಟ್ಯಾಗ್ ನಂಬರ್ ಕೊಟ್ಟೆ. 10 ಓಡಿತು, 30 ಓಡಿತು. 20ರಲ್ಲಿದ್ದ ವಿಎಂನಿಂದ ಮಾತ್ರ, ಆ ನೆಟ್‌ವರ್ಕಿನಿಂದ ಹೊರಗೆ ಹೋಗುವ ಬಾಗಿಲಾದ ಗೇಟ್‌ವೇ ಕೂಡ ಪಿಂಗ್ ಆಗುತ್ತಿರಲಿಲ್ಲ.

ಇಂಥ ಹೊತ್ತಲ್ಲಿ ಸುಮ್ನೆ ರೀಸ್ಟಾರ್ಟ್ ಮಾಡುವುದು, ಕೇಬಲ್ ಬದಲಾಯಿಸುವುದು ನನಗೆ ಇಷ್ಟವಿಲ್ಲ. ಟ್ಯಾಗ್ ಅಂದರೆ ಇಥರ್ನೆಟ್ ಫ್ರೇಮಿನಲ್ಲಿ, ಅಂದರೆ ಕೇಬಲ್‌ನಲ್ಲಿ ಹೋಗುವ ಡೇಟಾ ತುಂಡಿನಲ್ಲಿ, ಕಳಿಸಿದವರ ವಿಳಾಸ (ಸೋರ್ಸ್ ಮ್ಯಾಕ್ ಅಡ್ರೆಸ್) ಆದ ಕೂಡಲೇ ಸೇರುವ 4 ಬೈಟ್. ಅದರಲ್ಲಿ ವಿಲ್ಯಾನ್ ನಂಬರಿಗೆ ಸಿಗುವುದು 12 ಬಿಟ್, ಅದಕ್ಕೇ ನಾವು ಬಳಸುವ ನಂಬರ್ 4094ಕ್ಕೆ ನಿಲ್ಲುತ್ತದೆ. ಇರುವ ವಸ್ತು ಅಂದಮೇಲೆ ಕಣ್ಣಿಗೆ ಕಾಣಲೇಬೇಕು, ಅಲ್ವಾ? ಸರ್ವರ್‌ನ ಫಿಸಿಕಲ್ ಪೋರ್ಟಿನ ಮೇಲೆ, ಓಡಾಡುವ ಫ್ರೇಮುಗಳನ್ನು ತೋರಿಸುವ ಟಿಸಿಪಿಡಂಪ್ ಕಮಾಂಡ್ ಹಾಕಿದೆ. ಜೊತೆಗೆ 'ಮೈನಸ್ ಇ' ಕೊಡಬೇಕು, ಇಲ್ಲದಿದ್ದರೆ ಇಥರ್ನೆಟ್ ಹೆಡರನ್ನೇ ತೋರಿಸುವುದಿಲ್ಲ. ಸೆಕೆಂಡಿಗೊಂದರಂತೆ ಸಾಲು ಬಂತು: ವಿಲ್ಯಾನ್ 20, ಎಆರ್‌ಪಿ, 192.168.20.1 ಯಾರ ಹತ್ತಿರ ಇದೆ? ಗೇಟ್‌ವೇಯ ಮ್ಯಾಕ್ ಅಡ್ರೆಸ್ ಹುಡುಕುವ ಪ್ರಶ್ನೆಯೇ ಈ ಎಆರ್‌ಪಿ. ಕೇಳುತ್ತಲೇ ಇದೆ, ಉತ್ತರವೇ ಇಲ್ಲ. ಅಂದರೆ ಸರ್ವರ್ ತನ್ನ ಕೆಲಸ ಮಾಡುತ್ತಿದೆ.

ನೆಟ್‌ವರ್ಕ್ ಟೀಮಿನವರ ಹತ್ತಿರ ಹೋದೆ. "ಟ್ರಂಕಲ್ಲಿ 20 ಅಲೋ ಮಾಡಿದ್ದೀನಿ ಸರ್, ನೋಡಿ" ಅಂತ ಸ್ಕ್ರೀನ್ ತಿರುಗಿಸಿದರು. ಟ್ರಂಕ್ ಅಂದರೆ ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಪೋರ್ಟ್. ಅವರು ಹೇಳಿದ್ದು ನಿಜ. 'ಶೋ ಇಂಟರ್‌ಫೇಸಸ್ ಟ್ರಂಕ್' ಕೊಟ್ಟರೆ ಅಲೋಡ್ ಅನ್ನುವ ಕಡೆ 10, 20, 30 ಮೂರೂ ಇದ್ದವು. ಆದರೆ ಅದರ ಕೆಳಗೇ 'ಅಲೋಡ್ ಅಂಡ್ ಆಕ್ಟಿವ್' ಅಂತ ಇನ್ನೊಂದು ಪಟ್ಟಿ ಇರುತ್ತದೆ, ಜಾಸ್ತಿ ಜನ ಅಲ್ಲಿವರೆಗೆ ಓದುವುದೇ ಇಲ್ಲ. ಅಲ್ಲಿ 10, 30 ಅಷ್ಟೇ. ಆ ಸ್ವಿಚ್‌ನಲ್ಲಿ ವಿಲ್ಯಾನ್ 20 ಕ್ರಿಯೇಟೇ ಆಗಿರಲಿಲ್ಲ! ಪೋರ್ಟಿನಲ್ಲಿ ಅಲೋ ಮಾಡಿದರೂ ವಿಲ್ಯಾನೇ ಇಲ್ಲದಿದ್ದರೆ ಸ್ವಿಚ್ ಆ ಫ್ರೇಮುಗಳನ್ನು ಸದ್ದಿಲ್ಲದೆ ಬಿಸಾಡುತ್ತದೆ, ನಮ್ಮ ಕಡೆ ಒಂದು ಎರರ್ ಕೂಡ ಬರುವುದಿಲ್ಲ. ಈ ಮೌನವೇ ವಿಲ್ಯಾನ್ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಅಂತ ನನಗನಿಸುತ್ತದೆ.

ವಿಲ್ಯಾನ್ ಕ್ರಿಯೇಟ್ ಮಾಡಿದರು, ಸ್ವಲ್ಪ ಹೊತ್ತಿಗೆ ಪಟ್ಟಿಯಲ್ಲಿ 20 ಬಂತು. ಆದರೂ ಪಿಂಗ್ ಇಲ್ಲ. ಗೇಟ್‌ವೇ ಇರುವುದು ಕೋರ್ ಸ್ವಿಚ್‌ನಲ್ಲಿ, ಅಂದರೆ ಉಳಿದ ಸ್ವಿಚ್‌ಗಳು ಸೇರುವ ಮಧ್ಯದ ಸ್ವಿಚ್‌ನಲ್ಲಿ, ಅಲ್ಲಿಗೆ ಹೋಗುವ ಅಪ್‌ಲಿಂಕಲ್ಲಿ 20 ಅಲೋ ಆಗಿರಲಿಲ್ಲ. ಇಲ್ಲಿ ಮಾತ್ರ ಕೈ ನಿಧಾನ ಮಾಡಬೇಕು. ಟ್ರಂಕಲ್ಲಿ ವಿಲ್ಯಾನ್ ಅಲೋ ಮಾಡುವ ಕಮಾಂಡಿನಲ್ಲಿ 'ಆಡ್' ಅನ್ನುವ ಪದ ಬಿಟ್ಟುಹೋದರೆ ಹಳೆಯ ಪಟ್ಟಿ ಪೂರ್ತಿ ಹೋಗಿ 20 ಒಂದೇ ಉಳಿಯುತ್ತದೆ, ಇಡೀ ಮಹಡಿಯ ನೆಟ್‌ವರ್ಕ್ ಬಿದ್ದುಹೋಗುತ್ತದೆ. ಎಂಟರ್ ಒತ್ತುವ ಮೊದಲು ಇಬ್ಬರೂ ಆ ಸಾಲನ್ನು ಬಾಯಿಬಿಟ್ಟು ಓದಿದೆವು, 'ಆಡ್' ಇತ್ತು. ಒತ್ತಿದರು. ಟಿಸಿಪಿಡಂಪ್‌ನಲ್ಲಿ ಎಆರ್‌ಪಿ ಉತ್ತರ ಬಂತು, ಹಿಂದೆಯೇ ಪಿಂಗ್ ಓಡಿತು.

ನೇಟಿವ್ ವಿಲ್ಯಾನ್ ಇನ್ನೂ 1ರಲ್ಲೇ ಇದೆ. ಟ್ಯಾಗ್ ಇಲ್ಲದೆ ಬಂದ ಫ್ರೇಮೆಲ್ಲ ಅಲ್ಲಿಗೇ ಹೋಗಿ ಬೀಳುತ್ತದೆ, ಬಳಸದ ಯಾವುದಾದರೂ ನಂಬರಿಗೆ ಬದಲಾಯಿಸಿ ಅಂತ ಕೇಳಿದ್ದೇನೆ. ಸೋಮವಾರ ಮಾಡೋಣ ಅಂದಿದ್ದಾರೆ.