ಬರ್ಕ್ಲಿಯ ಥಾಯ್ ಗುಡಿಯಲ್ಲಿ ಪಡ್ಡು

ಥಾಯ್ಲೆಂಡಿಗೆ ನಾನಿನ್ನೂ ಹೋಗಿಲ್ಲ. ಆದರೆ ಥಾಯ್ ಜನರ ಪಕ್ಕ ಕೂತು ಉಂಡಿದ್ದೇನೆ, ಅದೂ ಅಮೆರಿಕದಲ್ಲಿ.

ಫ್ರೀಮಾಂಟಿನಲ್ಲಿ ಅಕ್ಕನ ಮನೆ. ಎರಡು ತಿಂಗಳು ಅಲ್ಲಿದ್ದೆ. ಒಂದು ಭಾನುವಾರ ಭಾವ, "ಬರ್ಕ್ಲಿಯಲ್ಲಿ ಥಾಯ್ ಗುಡಿ ಇದೆ, ಊಟ ಹಾಕ್ತಾರೆ, ಹೋಗಿ ಬಾ" ಅಂದರು. ಊಟ ಹಾಕ್ತಾರೆ ಅಂದರೆ ನಮ್ಮ ತಲೆಗೆ ಬರುವುದು ಪಂಕ್ತಿ, ಬಾಳೆ ಎಲೆ, ಅನ್ನ ಸಾರು ಅಲ್ವಾ? ಅದನ್ನೇ ಅಂದುಕೊಂಡು ಬಾರ್ಟ್ ರೈಲು ಹತ್ತಿ ಆಶ್ಬಿ ಸ್ಟೇಷನ್ನಿನಲ್ಲಿ ಇಳಿದೆ. ಅಲ್ಲಿಂದ ರಸೆಲ್ ಸ್ಟ್ರೀಟಿಗೆ ನಡೆದೇ ಹೋಗಬಹುದು. ಗುಡಿಯ ಪಕ್ಕದಲ್ಲೇ ಲೈಬ್ರರಿ. ಪುಸ್ತಕದ ಜೊತೆ ಸುತ್ತಿಗೆ, ಡ್ರಿಲ್ಲು ಕೂಡ ಎರವಲು ಕೊಡುವ ಲೈಬ್ರರಿಯಂತೆ ಅದು. ಇರಲಿ, ಅದು ಬೇರೆ ಕಥೆ.

ಗುಡಿಯ ಹೆಸರು ವಾಟ್ ಮೊಂಗ್ಕೊಲ್‌ರತನಾರಾಮ್. ಮೊದಲ ಸಲ ಓದುವಾಗ ನಾಲಿಗೆ ತೊಡರಿತು. ಆಮೇಲೆ ಹೊಳೆಯಿತು: ಮಂಗಳ, ರತ್ನ, ಆರಾಮ. ಅಷ್ಟೇ!

ಪಂಕ್ತಿ ಇರಲಿಲ್ಲ. ಮೊದಲು ದುಡ್ಡು ಕೊಟ್ಟು ಟೋಕನ್ ತಗೋಬೇಕು, ಆಮೇಲೆ ಬೇಕಾದ ಸಾಲಿನಲ್ಲಿ ನಿಲ್ಲಬೇಕು. ಒಂದು ಕಡೆ ನೂಡಲ್ಸ್ ಸೂಪು, ಒಂದು ಕಡೆ ಅನ್ನ ಮತ್ತು ಕರಿ, ಇನ್ನೊಂದು ಕಡೆ ಮಾವಿನ ಹಣ್ಣಿನ ಜೊತೆ ತೆಂಗಿನ ಹಾಲಿನ ಅಂಟನ್ನ. ಬಡಿಸುವವರೆಲ್ಲ ಗುಡಿಯ ಭಕ್ತರು, ಬಹುತೇಕ ನಮ್ಮ ಅಮ್ಮಂದಿರ ವಯಸ್ಸಿನವರು. ಹೀಗೆ ಕೆಲಸ ಮಾಡುವುದಕ್ಕೆ ಅವರು 'ಥಾಮ್ ಬುನ್' ಅನ್ನುತ್ತಾರೆ. ಬುನ್ ಅಂದರೆ ಪುಣ್ಯ. ಪದವೂ ಅದೇ, ಅರ್ಥವೂ ಅದೇ. ಬಂದ ದುಡ್ಡಿನಲ್ಲಿ ಗುಡಿ ನಡೆಯುತ್ತದೆ. 1980ರ ದಶಕದಿಂದಲೂ ಇದು ನಡೆದುಕೊಂಡು ಬಂದಿದೆ.

2008ರಲ್ಲಿ ಅಕ್ಕಪಕ್ಕದ ಕೆಲವರು ಇದರ ಮೇಲೆ ದೂರು ಕೊಟ್ಟಿದ್ದರು. ಜನ ಜಾಸ್ತಿ, ಕಾರು ನಿಲ್ಲಿಸೋಕೆ ಜಾಗ ಇಲ್ಲ, ಅಡುಗೆ ವಾಸನೆ ಅಂತ. ಕೊನೆಗೆ ನಗರದವರು ಊಟ ಮುಂದುವರಿಸಲು ಬಿಟ್ಟರು. ಪಾರ್ಕಿಂಗ್ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಭಾನುವಾರ ಬೆಳಿಗ್ಗೆ ತುಳಸಿ, ಬೆಳ್ಳುಳ್ಳಿ ಒಗ್ಗರಣೆಯ ಘಮ ಬಂದರೆ ದೂರು ಕೊಡುವುದೇ? ನಾನಾಗಿದ್ದರೆ ಬಾಡಿಗೆ ಜಾಸ್ತಿ ಆದರೂ ಅದೇ ಬೀದಿಯಲ್ಲಿ ಮನೆ ಹಿಡಿಯುತ್ತಿದ್ದೆ.

ನನ್ನ ಕಷ್ಟ ಬೇರೆ. ನಾನು ಸಸ್ಯಾಹಾರಿ. ಥಾಯ್ ಅಡುಗೆಯಲ್ಲಿ ತರಕಾರಿ ಮಾತ್ರ ಕಾಣುತ್ತಿದ್ದರೂ ಒಳಗೆ 'ನಾಮ್ ಪ್ಲಾ' ಇರುತ್ತದೆ, ಅಂದರೆ ಮೀನಿನ ಸಾಸ್. ನಮಗೆ ಉಪ್ಪು ಹೇಗೋ ಅವರಿಗೆ ಅದು ಹಾಗೆ. ಪಪ್ಪಾಯಿ ಕಾಯಿಯ ಸಲಾಡ್ ನೋಡಿ ಕೋಸಂಬರಿ ಅಂತ ಖುಷಿಯಿಂದ ಹೋದೆ, ಅದರಲ್ಲಿ ಒಣ ಸೀಗಡಿ ಕಂಡಿತು. ಸಸ್ಯಾಹಾರಿ ಅನ್ನಲು ಥಾಯ್‌ನಲ್ಲಿ 'ಮಂಗ್ಸವಿರತ್' ಅನ್ನಬೇಕಂತೆ. ಮಾಂಸ ವಿರತಿ! ಸಂಸ್ಕೃತ ಮೇಷ್ಟ್ರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ಇನ್ನೂ ಕಟ್ಟುನಿಟ್ಟಾಗಿ, ಈರುಳ್ಳಿ ಬೆಳ್ಳುಳ್ಳಿಯೂ ಬೇಡ ಅನ್ನುವವರ ಊಟಕ್ಕೆ 'ಜೇ' ಅಂತ ಬೇರೆ ಹೆಸರಿದೆ. ನಮ್ಮ ಅಜ್ಜಿಗೆ ಹೇಳಿ ಮಾಡಿಸಿದಂಥದ್ದು.

ಹೀಗೆ ತಟ್ಟೆ ಹಿಡಿದು ಅಲೆಯುವಾಗ ಒಂದು ಮೂಲೆಯಲ್ಲಿ ಕಂಡಿತು ಪಡ್ಡಿನ ಕಾವಲಿ. ನಿಜವಾಗಿ! ಅದೇ ಗುಂಡಿಗಳು. ಸ್ವಲ್ಪ ದೊಡ್ಡದು, ಅಷ್ಟೇ ವ್ಯತ್ಯಾಸ. ಅದರಲ್ಲಿ ಮಾಡುವುದಕ್ಕೆ 'ಖನೋಮ್ ಕ್ರೋಕ್' ಅನ್ನುತ್ತಾರೆ. ಅಕ್ಕಿ ಹಿಟ್ಟಿನ ತೆಳು ಹಿಟ್ಟು ಹುಯ್ದು, ಅಂಚು ಗಟ್ಟಿಯಾಗುವಾಗ ಮೇಲೆ ಸಿಹಿಯಾದ ಗಟ್ಟಿ ತೆಂಗಿನ ಹಾಲು, ಅದರ ಮೇಲೆ ಹೆಚ್ಚಿದ ಈರುಳ್ಳಿ ಸೊಪ್ಪು. ತಿರುಗಿಸಿ ಹಾಕುವುದಿಲ್ಲ, ಮುಚ್ಚಿ ಬೇಯಿಸುತ್ತಾರೆ. ಎರಡು ಅರ್ಧ ಸೇರಿಸಿ ಒಂದು ಉಂಡೆ ಮಾಡಿ ಕೊಡುತ್ತಾರೆ. ಹೊರಗೆ ಗರಿ, ಒಳಗೆ ಪಾಯಸ. ಬಾಯಿ ಸುಟ್ಟುಕೊಂಡೆ, ಆದರೂ ಇನ್ನೊಂದು ಟೋಕನ್ ಕೊಟ್ಟೆ.

ಹುಯ್ಯುತ್ತಿದ್ದ ಹೆಂಗಸಿಗೆ ಫೋನಿನಲ್ಲಿ ನಮ್ಮ ಮನೆಯ ಪಡ್ಡಿನ ಫೋಟೋ ತೋರಿಸಿದೆ. ಅವರು ಕಣ್ಣರಳಿಸಿ, ಪಕ್ಕದವರನ್ನು ಕರೆದು, ಮೂರ್ನಾಲ್ಕು ಜನ ಸೇರಿ ಫೋನ್ ನೋಡಿದರು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರಿಗೂ ಚಿಂತೆ ಇರಲಿಲ್ಲ. ಅವರನ್ನು 'ಪಾ' ಅಂತ ಕರೆಯಬೇಕು ಅಂತ ಅಲ್ಲೇ ಇದ್ದ ಹುಡುಗಿ ಹೇಳಿಕೊಟ್ಟಳು. ಅಮ್ಮನ ಅಥವಾ ಅಪ್ಪನ ಅಕ್ಕನಿಗೆ ಹಾಗನ್ನುತ್ತಾರೆ. ನಮ್ಮ ದೊಡ್ಡಮ್ಮ ಅಂದುಕೊಳ್ಳಿ.

ಮುಂದಿನ ಭಾನುವಾರ ಅಕ್ಕನ ಅಡುಗೆಮನೆಯಲ್ಲಿ ಐದು ಗಂಟೆಗೇ ಎದ್ದು ಪಡ್ಡು ಮಾಡಿದೆ. ಈರುಳ್ಳಿ, ಹಸಿಮೆಣಸು, ಕರಿಬೇವು, ಜೊತೆಗೆ ಕಾಯಿ ಚಟ್ನಿ. ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಪಾ ಒಂದು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿ ಹುಡುಗಿಗೆ ಏನೋ ಅಂದರು. ಹುಡುಗಿ ನಗುತ್ತಾ, "ಹಿಟ್ಟು ಹಳಸಿದೆ, ಪಾಪ ಗೊತ್ತಾಗಿಲ್ಲ ಅಂತಿದ್ದಾರೆ" ಅಂದಳು.

ಹುಳಿ ಬರಿಸಿದ್ದೇ ಹಾಗೆ, ರಾತ್ರಿಯಿಡೀ ಬಿಟ್ಟಿದ್ದು ಅಂತ ವಿವರಿಸಲು ಕಾಲು ಗಂಟೆ ಬೇಕಾಯಿತು. ನಂಬಿದರೋ ಇಲ್ಲವೋ. ಚಟ್ನಿ ಮಾತ್ರ ಪೂರ್ತಿ ಖಾಲಿ ಮಾಡಿದರು. ತೆಂಗಿನಕಾಯಿಯನ್ನು ಹಾಲು ಹಿಂಡದೆ ಹಾಗೇ ರುಬ್ಬುವುದು ಅವರಿಗೆ ಹೊಸದಾಗಿ ಕಂಡಿತು. ಇನ್ನೊಬ್ಬರು ಪಡ್ಡಿನ ಮೇಲೆ ಸಿಹಿ ತೆಂಗಿನ ಹಾಲು ಹುಯ್ದುಕೊಂಡು ತಿಂದರು. ನಾನು ಬೇರೆ ಕಡೆ ನೋಡಿದೆ.

ಅವರ ಜೊತೆ ಮೇಜಿನಲ್ಲಿ ಕೂತಾಗ ಗಮನಿಸಿದ್ದು: ಬಟ್ಟಲುಗಳೆಲ್ಲ ಮಧ್ಯದಲ್ಲಿ, ಎಲ್ಲರೂ ಅದರಿಂದಲೇ ಸ್ವಲ್ಪ ಸ್ವಲ್ಪ ಬಡಿಸಿಕೊಳ್ಳುವುದು. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕು. ಫೋರ್ಕು ಚಮಚಕ್ಕೆ ಅನ್ನ ತಳ್ಳಲು ಮಾತ್ರ, ಬಾಯಿಗೆ ಹೋಗುವುದಿಲ್ಲ. ಚಾಪ್‌ಸ್ಟಿಕ್ ಹುಡುಕಿದ ನನ್ನನ್ನು ನೋಡಿ ನಕ್ಕರು, ಅದು ನೂಡಲ್ಸಿಗೆ. ಅಂಟನ್ನಕ್ಕೆ ಕೈಯೇ ಸರಿ. ಅಲ್ಲಿ ನಾನು ಗೆದ್ದೆ.

ಊರಿಗೆ ಹೊರಡುವ ಮುಂಚಿನ ಭಾನುವಾರ ಮತ್ತೆ ಹೋದೆ. ದೂರದಿಂದಲೇ ಪಾ ಕೂಗಿದರು, "ಕಿನ್ ಖಾವ್ ರುಯಾಂಗ್?" ಅಷ್ಟು ಹೊತ್ತಿಗೆ ಅದು ಗೊತ್ತಾಗಿತ್ತು. ಅನ್ನ ಉಂಡೆಯಾ ಇನ್ನೂ ಇಲ್ವಾ ಅಂತ. ನಮ್ಮ 'ಊಟ ಆಯ್ತಾ' ಥರಾನೇ, ಹೇಗಿದ್ದೀಯ ಅನ್ನುವ ಬದಲು ಕೇಳುವುದು. ಹೂಂ ಅಂದರೆ ಸಾಕಿತ್ತು. ನಾನು ಬಾಯಿ ತಪ್ಪಿ ಇಲ್ಲ ಅಂದೆ. ಅವರು ಟೋಕನ್ ಕೇಳಲಿಲ್ಲ. ಹಿಟ್ಟಿನ ಪಾತ್ರೆ ನನ್ನ ಕಡೆ ತಳ್ಳಿ, ಹುಯ್ಯಿ ಅಂತ ಕೈ ತೋರಿಸಿದರು.