ಹೈಡನ್‌ಹೈಮ್ ಅನ್ನುವ ಪುಟ್ಟ ಊರಿನ ಫುಟ್‌ಬಾಲ್ ತಂಡ
ದಕ್ಷಿಣ ಜರ್ಮನಿಯ ಹೈಡನ್‌ಹೈಮ್ ಸುಮಾರು 50,000 ಜನರ ಊರು. ಸ್ಟೇಡಿಯಂನಲ್ಲಿ ಹಿಡಿಯೋದು 15,000 ಜನ. 2007ರಲ್ಲಿ ಇಲ್ಲಿನ ತಂಡ ನಾಲ್ಕನೇ ದರ್ಜೆಯ ಲೀಗ್‌ನಲ್ಲಿತ್ತು. ಆಗ ಅದೇ ಊರಲ್ಲಿ ಹುಟ್ಟಿ, ಅಲ್ಲೇ ಆಡಿದ್ದ ಫ್ರಾಂಕ್ ಶ್ಮಿಟ್ ತಾತ್ಕಾಲಿಕವಾಗಿ ಕೋಚ್ ಆದರು. ಆಮೇಲೆ ಅಲ್ಲೇ ಉಳಿದರು. 2009ಕ್ಕೆ ಮೂರನೇ ದರ್ಜೆ, 2014ಕ್ಕೆ ಎರಡನೇ ದರ್ಜೆ.

2020ರಲ್ಲಿ ಜರ್ಮನಿಯ ಅಗ್ರ ದರ್ಜೆಯ ಲೀಗ್ ಬುಂಡೆಸ್‌ಲೀಗಾ ಕೈಗೆ ಬಂದೇ ಬಿಟ್ಟಿತ್ತು. ಬಡ್ತಿಗಾಗಿ ವೆರ್ಡರ್ ಬ್ರೆಮೆನ್ ಎದುರು ಆಡಿದ ಎರಡೂ ಪ್ಲೇಆಫ್ ಪಂದ್ಯ ಡ್ರಾ, ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ತಪ್ಪಿಹೋಯಿತು. ಎಷ್ಟು ಹೊಟ್ಟೆ ಉರಿದಿರಬೇಕು ಅಲ್ವಾ!

2023ರ ಮೇ 28ರ ವಿಡಿಯೋ ಇವತ್ತು ಮತ್ತೆ ನೋಡಿದೆ. ಎರಡನೇ ದರ್ಜೆಯ ಕೊನೆಯ ಪಂದ್ಯ, ರೆಗೆನ್ಸ್‌ಬುರ್ಗ್‌ನಲ್ಲಿ ಹೈಡನ್‌ಹೈಮ್ 0-2 ಹಿಂದೆ, ಆಮೇಲೆ 1-2. ಅತ್ತ ತಮ್ಮ ಪಂದ್ಯ ಗೆದ್ದ ಹ್ಯಾಂಬುರ್ಗ್ ಅಭಿಮಾನಿಗಳು ಬಡ್ತಿ ತಮಗೇ ಅಂದುಕೊಂಡು ಮೈದಾನಕ್ಕೇ ಇಳಿದು ಕುಣಿಯುತ್ತಿದ್ದರು. ಇತ್ತ 93ನೇ ನಿಮಿಷಕ್ಕೆ ಪೆನಾಲ್ಟಿ, 2-2. 99ನೇ ನಿಮಿಷಕ್ಕೆ ಹೈಡನ್‌ಹೈಮ್‌ನ ಆಟಗಾರ ಕ್ಲೈನ್‌ಡೀನ್ಸ್ಟ್ ಗೋಲು, 3-2. ಬರೀ ಬುಂಡೆಸ್‌ಲೀಗಾಗೆ ಬಡ್ತಿಯಲ್ಲ, ಎರಡನೇ ದರ್ಜೆಯ ಲೀಗ್ ಪಟ್ಟವೂ ಸಿಕ್ಕಿತು!

ಮರುವರ್ಷ ಜರ್ಮನಿಯ ದೈತ್ಯ ಕ್ಲಬ್ ಬಾಯರ್ನ್ ಮ್ಯೂನಿಕ್ ವಿರುದ್ಧವೂ 0-2ರಿಂದ ಎದ್ದು 3-2ಕ್ಕೆ ಗೆದ್ದರು. ನನಗೆ ಗೋಲುಗಳಿಗಿಂತ ಜಾಸ್ತಿ ಇಷ್ಟವಾಗೋದು ಆ ಕೋಚ್ ಮೇಲೆ ಕ್ಲಬ್ ಇಟ್ಟ ನಂಬಿಕೆ. ನಾಲ್ಕು ಪಂದ್ಯ ಸೋತರೆ ಕೋಚ್ ಬದಲಿಸೋ ದೊಡ್ಡ ಕ್ಲಬ್‌ಗಳು ಇದನ್ನು ಸ್ವಲ್ಪ ನೋಡಲಿ.